ಸಾಲಿನಲ್ಲಿ ನಿಂತವರ ಲೆಕ್ಕ



ಉದ್ಯೋಗ ಖಾತರಿ ಕೆಲಸಕ್ಕೆ ಎಷ್ಟು ಜನ ಹೋಗ್ತಾರೆ, ರೇಷನ್ ಅಕ್ಕಿಗೆ ಎಷ್ಟು ಜನ ನಿಲ್ತಾರೆ ಅಂತ ನೋಡಿದರೆ ಒಂದು ಸೀಮೆಯ ಬದುಕು ಹೇಗಿದೆ ಅಂತ ಗೊತ್ತಾಗುತ್ತೆ. ಈ ಲೆಕ್ಕ ಇವತ್ತು ಹುಟ್ಟಿದ್ದಲ್ಲ. ಇದರ ಚರಿತ್ರೆಯನ್ನು ನೀವು ತಿಳಿಯಬೇಕು.

1876ರಿಂದ 1878ರವರೆಗೆ ದಕ್ಷಿಣದಲ್ಲಿ ಬಿದ್ದದ್ದು ಧಾತು ಈಶ್ವರ ಬರ. ಆಗ ನಮ್ಮ ತಾಳವಾಡಿ ಸೀಮೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯೂ ಬರಕ್ಕೆ ಸಿಕ್ಕಿತು. ಪಕ್ಕದ ಮೈಸೂರು ಸಂಸ್ಥಾನದಲ್ಲಿ 1871ಕ್ಕೆ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಭೂಮಿ ಇಲ್ಲದೆ ಕೂಲಿಯನ್ನೇ ನಂಬಿದ್ದವರಿಗೆ ಏಟು ಹೆಚ್ಚು ಬಿತ್ತು.

1877ರಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್ ಮದ್ರಾಸಿಗೆ ಬಂದ. ಪರಿಹಾರ ಕಾಮಗಾರಿಯಲ್ಲಿ ಜನ ಜಾಸ್ತಿಯಾಗಿದ್ದಾರೆ ಅನ್ನೋದು ಅವನ ತಕರಾರು. ಹಸಿವು ಹೆಚ್ಚಿದೆ ಅಂತ ಓದಬೇಕಾದ ಲೆಕ್ಕವನ್ನು ಖರ್ಚು ಹೆಚ್ಚಿದೆ ಅಂತ ಓದಿದ. ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ! ದುಡಿಯುವ ಮೈಗೆ ಇದು ಸಾಲದು ಅಂತ ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ವಾದಿಸಿದರು. ಕೊನೆಗೆ ಕೂಲಿ ಏರಿಸಬೇಕಾಯ್ತು.

1880ರ ಕ್ಷಾಮ ಆಯೋಗದ ನಂತರ ಬಂದ ಕ್ಷಾಮ ಸಂಹಿತೆಗಳಲ್ಲಿ ಒಂದು ಉಪಾಯವಿತ್ತು. ಮೊದಲು ಪರೀಕ್ಷೆಗಾಗಿ ಕಾಮಗಾರಿ ತೆರೆಯುವುದು. ಜನ ಮುಗಿಬಿದ್ದು ಬಂದರೆ ಬರ ಬಂದಿದೆ ಅಂತ ತಿಳಿಯುವುದು. ಬಡವನ ಹೊಟ್ಟೆಯೇ ಸರ್ಕಾರದ ಅಳತೆಗೋಲಾಯ್ತು.

ಸ್ವತಂತ್ರ ಭಾರತದಲ್ಲಿ, 2005ರ ಉದ್ಯೋಗ ಖಾತರಿ ಕಾಯ್ದೆ ಕೆಲಸವನ್ನು ಹಕ್ಕು ಅಂತ ಹೇಳಿತು. ಈರೋಡ್ ಜಿಲ್ಲೆಗೆ ಅದು 2008ರಲ್ಲಿ ಬಂತು. ಕೊರೊನಾ ಬಂದಾಗ ಆ ಅಳತೆಗೋಲು ಮತ್ತೆ ಮಾತಾಡಿತು. ದೇಶದಲ್ಲಿ 2019-20ರಲ್ಲಿ ಸುಮಾರು 265 ಕೋಟಿ ಇದ್ದ ಆಳುದಿನಗಳು ಮರುವರ್ಷ 389 ಕೋಟಿಗೆ ಏರಿದವು. ಪಟ್ಟಣಗಳು ಮುಚ್ಚಿದಾಗ ಊರಿಗೆ ಮರಳಿದವರು ಗುದ್ದಲಿ ಹಿಡಿದರು.

ಹಾಗಾದರೆ ಸಾಲು ಚಿಕ್ಕದಾದರೆ ಊರು ಉದ್ಧಾರವಾಯ್ತು ಅಂತಲೇ? ಅವಸರ ಬೇಡ. ಹೊರಗೆ ಒಳ್ಳೆ ಕೂಲಿ ಸಿಕ್ಕರೂ ಸಾಲು ಕರಗುತ್ತೆ. ಕೂಲಿ ದುಡ್ಡು ತಿಂಗಳುಗಟ್ಟಲೆ ಬರದಿದ್ದರೆ, ಪಟ್ಟಿಯಿಂದ ಹೆಸರು ಹೋದರೆ, ಅಜ್ಜಿಯ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ಆಗಲೂ ಕರಗುತ್ತೆ. ಎರಡೂ ಕಾಗದದ ಮೇಲೆ ಒಂದೇ ಥರ ಕಾಣುತ್ತೆ. ಟೆಂಪಲ್ ಮಾಡಿದ್ದೂ ಇದೇ ಅಲ್ಲವೇ? ಹಸಿವನ್ನು ಇಳಿಸದೆ ಸಾಲನ್ನು ಇಳಿಸಲು ಹೊರಟ.

ಅದಕ್ಕೇ ಯುವಕರೇ, ಮುಂದಿನ ಗ್ರಾಮಸಭೆಗೆ ಹೋದಾಗ ಎಷ್ಟು ಜನಕ್ಕೆ ಸಿಕ್ಕಿತು ಅಂತ ಮಾತ್ರ ಕೇಳಬೇಡಿ. ಎಷ್ಟು ಜನ ಕೇಳಿದ್ದರು, ಯಾರು ಬರಿಗೈಲಿ ಹೋದರು ಅಂತಲೂ ಕೇಳಿ, ಬರೆದಿಡಿ. ನಮ್ಮ ಲೆಕ್ಕವನ್ನು ನಾವೂ ಓದೋಣ.

ಜೈ ಭೀಮ್.