ಮಾದರಿ ರೈಲು: ಆಟಿಕೆಯೋ, ಉಪಕರಣವೋ?

ಭಟ್ಕಳದಲ್ಲಿ ರೈಲು ಹತ್ತಿ ಕುಮಟಾದ ಕಡೆಗೆ ಹೊರಟಿದ್ದೀರಿ ಎಂದುಕೊಳ್ಳಿ. ಮುರ್ಡೇಶ್ವರ, ಮಂಕಿ ದಾಟಿ ಹೊನ್ನಾವರ ನಿಲ್ದಾಣ ತಲುಪುವ ಮುನ್ನ ರೈಲು ಶರಾವತಿಯ ಮೇಲೆ ಸಾಗುತ್ತದೆ. ಎರಡು ಕಿಲೋಮೀಟರಿಗೂ ತುಸು ಉದ್ದವಾದ ಈ ಸೇತುವೆ ಕೊಂಕಣ ರೈಲುಮಾರ್ಗದ ಅತಿ ಉದ್ದದ ಸೇತುವೆ.

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಮಕ್ಕಳು ಥರ್ಮೋಕೋಲಿನಲ್ಲಿ ಈ ಸೇತುವೆಯನ್ನು ಮಾಡಿ, ಅದರ ಮೇಲೆ ಪುಟ್ಟ ವಿದ್ಯುತ್ ರೈಲೊಂದನ್ನು ಓಡಿಸುತ್ತಿದ್ದರು. ರೈಲು ನಿಜದ ರೈಲಿನ 87ನೆಯ ಒಂದು ಪಾಲು. ಹಳಿಯ ಸುತ್ತು 4.8 ಮೀಟರ್ ಎಂದು ಫಲಕದಲ್ಲಿ ಬರೆದಿದ್ದರು. ಒಂದು ಸುತ್ತಿಗೆ 4 ಸೆಕೆಂಡು ಹಿಡಿಯುತ್ತಿತ್ತು. "ನಿಮ್ಮ ರೈಲಿನ ವೇಗ ಎಷ್ಟು?" ಎಂದು ಕೇಳಿದೆ. ಉತ್ತರ ಬರಲಿಲ್ಲ. "ಇದು ಆಟಿಕೆ, ವಿಜ್ಞಾನವೆಲ್ಲಿದೆ?" ಎಂದರು ಜೊತೆಗಿದ್ದ ತೀರ್ಪುಗಾರರು. ಕಡಿಮೆ ಅಂಕದ ಆ ಪಟ್ಟಿಗೆ ನಾನೂ ಸಹಿ ಹಾಕಿದೆ. ಆ ತೀರ್ಪು ತಪ್ಪು ಎಂದು ನನಗೆ ಮನವರಿಕೆ ಮಾಡಿಸಿದ್ದು ಮಾದರಿ ರೈಲುಗಳ ಚರಿತ್ರೆ.

ಮೊದಲು ಬಂದದ್ದು ಮಾದರಿ

ದೊಡ್ಡ ರೈಲನ್ನು ನೋಡಿ ಚಿಕ್ಕದನ್ನು ಮಾಡಿದರು ಎಂದು ನಾವು ತಿಳಿಯುತ್ತೇವೆ. ನಡೆದದ್ದು ಬೇರೆ. ಉಗಿಯಿಂದ ತಾನೇ ಚಲಿಸುವ ಬಂಡಿಯ ಮಾದರಿಯೊಂದನ್ನು ವಿಲಿಯಂ ಮರ್ಡಾಕ್ 1784ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಓಡಿಸಿದ. ಅದೇ ಸೀಮೆಯ ರಿಚರ್ಡ್ ಟ್ರೆವಿಥಿಕ್ ಕೂಡ ಮೊದಲು ಮಾದರಿಗಳನ್ನು ಮಾಡಿಯೇ ಕೈ ಪಳಗಿಸಿಕೊಂಡ. 1804ರಲ್ಲಿ ಆತನ ಪೂರ್ಣಗಾತ್ರದ ಎಂಜಿನ್ ವೇಲ್ಸ್‌ನಲ್ಲಿ ಹಳಿಯ ಮೇಲೆ ಭಾರ ಎಳೆಯಿತು.

ಜಪಾನಿನ ಕಥೆ ಇನ್ನೂ ಸ್ವಾರಸ್ಯಕರ. 1854ರಲ್ಲಿ ಅಮೆರಿಕದ ನೌಕಾಧಿಪತಿ ಪೆರಿ ಕಾಲುಭಾಗ ಗಾತ್ರದ ಉಗಿಬಂಡಿಯೊಂದನ್ನು ಉಡುಗೊರೆಯಾಗಿ ಒಯ್ದ. ಡಬ್ಬಿಯೊಳಗೆ ಕೂರಲಾಗದ ಜಪಾನಿ ಅಧಿಕಾರಿಗಳು ಅದರ ಮಾಡಿನ ಮೇಲೆ ಕುಳಿತು ಸವಾರಿ ಮಾಡಿದರು! ಮರುವರ್ಷವೇ ಸಾಗಾ ಪ್ರಾಂತದಲ್ಲಿ ತನಾಕಾ ಹಿಸಾಶಿಗೆ ಮತ್ತು ಸಂಗಡಿಗರು ತಾವೇ ಉಗಿ ಎಂಜಿನ್ನಿನ ಮಾದರಿ ಮಾಡಿ ಓಡಿಸಿದರು. ಅಲ್ಲಿ ಮೊದಲ ರೈಲುಮಾರ್ಗ ತೆರೆದದ್ದು 1872ರಲ್ಲಿ. ರೈಲೇ ಇಲ್ಲದ ನಾಡು ರೈಲನ್ನು ಅರಿತದ್ದು ಮಾದರಿಯ ಮೂಲಕ.

ಕ್ಲಬ್ಬುಗಳ ಕಾಲ

1891ರಲ್ಲಿ ಜರ್ಮನಿಯ ಮಾರ್ಕ್‌ಲಿನ್ ಸಂಸ್ಥೆ ಆಟಿಕೆ ರೈಲಿನ ಹಳಿಗಳಿಗೆ ಗೊತ್ತಾದ ಅಳತೆಗಳನ್ನು ಗೊತ್ತುಪಡಿಸಿತು. 1910ರಲ್ಲಿ ಲಂಡನ್ನಿನಲ್ಲಿ ಹವ್ಯಾಸಿಗಳ ಮಾದರಿ ರೈಲು ಕ್ಲಬ್ ಹುಟ್ಟಿತು. 1935ರಲ್ಲಿ ಅಮೆರಿಕದ ಹವ್ಯಾಸಿಗಳು ರಾಷ್ಟ್ರೀಯ ಸಂಘ ಕಟ್ಟಿದರು. ಒಬ್ಬರ ಡಬ್ಬಿ ಇನ್ನೊಬ್ಬರ ಹಳಿಯ ಮೇಲೆ ಓಡಬೇಕಾದರೆ ಇಬ್ಬರ ಅಳತೆಯೂ ಒಂದೇ ಇರಬೇಕಲ್ಲವೆ? ಆಟಕ್ಕೆ ಮಾನಕ ಬಂತು.

1946ರಲ್ಲಿ ಅಮೆರಿಕದ ಎಂಐಟಿಯಲ್ಲಿ ವಿದ್ಯಾರ್ಥಿಗಳು ಇಂಥದೇ ಕ್ಲಬ್ ಆರಂಭಿಸಿದರು. ಮೇಜಿನ ಮೇಲೆ ಊರು, ಬೆಟ್ಟ, ರೈಲು. ಕೆಳಗೆ ದೂರವಾಣಿ ರಿಲೇಗಳ ಜಾಲ. ಈ ಸ್ವಿಚ್ಚು ಮುಚ್ಚಿದ್ದರೆ, ಆ ಹಳಿ ಖಾಲಿಯಿದ್ದರೆ ಮಾತ್ರ ರೈಲು ಮುಂದಕ್ಕೆ ಎಂಬ ತರ್ಕವನ್ನು ತಂತಿಯಲ್ಲಿ ಹೆಣೆಯುತ್ತಿದ್ದ ಹುಡುಗರು ಅಲ್ಲಿಂದ ಕಂಪ್ಯೂಟರಿಗೆ ಹೊರಳಿದರು. 'ಹ್ಯಾಕ್' ಎಂಬ ಪದ ಜಾಣ ತಾಂತ್ರಿಕ ಉಪಾಯ ಎಂಬ ಅರ್ಥದಲ್ಲಿ ಹರಡಿದ್ದು ಈ ಕ್ಲಬ್ಬಿನಿಂದ.

ನಮ್ಮ ಕಡೆಗೆ ಬರೋಣ. ಭಾರತದ ಮೊದಲ ಪ್ರಯಾಣಿಕ ರೈಲು ಮುಂಬಯಿಯಿಂದ ಠಾಣೆಗೆ ಓಡಿದ್ದು 1853ರಲ್ಲಿ. ಹೊನ್ನಾವರ, ಕುಮಟಾ, ಭಟ್ಕಳಗಳು ನೂರ ನಲವತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಇ. ಶ್ರೀಧರನ್ ಅವರ ನೇತೃತ್ವದಲ್ಲಿ 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. 1998ರ ಜನವರಿ 26ರಂದು ಮಾರ್ಗ ಪೂರ್ತಿಯಾಗಿ ತೆರೆಯಿತು. ಅದೇ ವರ್ಷ ಏಪ್ರಿಲ್ 1ರಂದು ಪುಣೆಯಲ್ಲಿ ಜೋಶಿಯವರ ಮಾದರಿ ರೈಲು ಸಂಗ್ರಹಾಲಯವೂ ಬಾಗಿಲು ತೆರೆಯಿತು.

ಒಂದು ಪ್ರಶ್ನೆ, ಎರಡು ಉತ್ತರ

ಈಗ ಆ ಮಕ್ಕಳ ರೈಲಿನ ಲೆಕ್ಕ ಮಾಡೋಣ. 4.8 ಮೀಟರನ್ನು 4 ಸೆಕೆಂಡಿನಿಂದ ಭಾಗಿಸಿದರೆ ವೇಗ ಸೆಕೆಂಡಿಗೆ 1.2 ಮೀಟರ್. ಇದನ್ನು 87ರಿಂದ ಗುಣಿಸಿ: ಸೆಕೆಂಡಿಗೆ ಸುಮಾರು 104 ಮೀಟರ್, ಅಂದರೆ ಗಂಟೆಗೆ 376 ಕಿಮೀ! ಶರಾವತಿಯ ಮೇಲೆ ಯಾವ ರೈಲೂ ಹೀಗೆ ಓಡಿಲ್ಲ.

ಆದರೆ ಇಷ್ಟಕ್ಕೇ ನಿಲ್ಲಬೇಡಿ. ಮಾದರಿಯ ತಿರುವಿನ ತ್ರಿಜ್ಯ 45 ಸೆಂಮೀ ಇತ್ತು. 87ರಿಂದ ಗುಣಿಸಿದರೆ ಸುಮಾರು 39 ಮೀಟರ್. ಕೊಂಕಣ ಮಾರ್ಗದಲ್ಲಿ ತಿರುವಿನ ತ್ರಿಜ್ಯ 1,250 ಮೀಟರಿಗಿಂತ ಕಡಿಮೆಯಾಗದಂತೆ ಯೋಜಿಸಿದ್ದರು. 39 ಮೀಟರಿನ ತಿರುವಿನಲ್ಲಿ 376 ಕಿಮೀ ವೇಗದ ರೈಲು ಮಗುಚದೆ ಉಳಿದೀತೆ? ಮಕ್ಕಳ ರೈಲು ಮಗುಚಲಿಲ್ಲ. ಏಕೆ?

ಉದ್ದವನ್ನು ನಾವು 87ರಿಂದ ಭಾಗಿಸಿದೆವು. ಗುರುತ್ವವನ್ನು ಹಾಗೆ ಭಾಗಿಸಲು ಬರುವುದಿಲ್ಲ. ತಿರುವಿನಲ್ಲಿ ಮುಖ್ಯವಾಗುವುದು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಾಗ ಬರುವ ವೇಗೋತ್ಕರ್ಷ. ಅದು ಮಾದರಿಯಲ್ಲೂ ನಿಜದಲ್ಲೂ ಒಂದೇ ಆಗಿರಬೇಕಾದರೆ ವೇಗವನ್ನು 87ರ ವರ್ಗಮೂಲದಿಂದ, ಅಂದರೆ ಸುಮಾರು 9.3ರಿಂದ, ಗುಣಿಸಬೇಕು. ಹಾಗೆ ಮಾಡಿದರೆ ವೇಗ ಗಂಟೆಗೆ ಸುಮಾರು 40 ಕಿಮೀ ಮಾತ್ರ. ಹಡಗಿನ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಪರೀಕ್ಷಿಸುವಾಗ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ಬಳಸಿದ್ದು ಇದೇ ನಿಯಮವನ್ನು.

ಕಣ್ಣಿಗೆ 376, ಬಲಗಳಿಗೆ 40. ಎರಡೂ ಸರಿ. ನಾನು ಕೇಳಿದ ಪ್ರಶ್ನೆಯೇ ಅಪೂರ್ಣವಾಗಿತ್ತು!

ನೀವೂ ಮಾಡಿ ನೋಡಿ

ಶಿಕ್ಷಕ ಮಿತ್ರರೇ, ಇದಕ್ಕೆ ದುಬಾರಿ ರೈಲು ಬೇಕಿಲ್ಲ. ಅಳತೆಪಟ್ಟಿ, ಗಡಿಯಾರ ಸಾಕು. ಶರಾವತಿ ಸೇತುವೆಯನ್ನು 87ನೆಯ ಒಂದು ಪಾಲಿಗೆ ಇಳಿಸಿದರೆ ಸುಮಾರು 24 ಮೀಟರ್. ಶಾಲೆಯ ಅಂಗಳದಲ್ಲಿ ಸುಣ್ಣದಿಂದ ಗೆರೆ ಎಳೆಯಿರಿ. ಗಂಟೆಗೆ 100 ಕಿಮೀ ವೇಗದ ರೈಲು ಆ ಗೆರೆಯನ್ನು ದಾಟಲು ಎಷ್ಟು ಹೊತ್ತು ಬೇಕು ಎಂದು ಮಕ್ಕಳು ಕಂಡುಹಿಡಿಯಲಿ. ಮುಂದಿನ ಪ್ರಶ್ನೆ: ಕೊಂಕಣ ಮಾರ್ಗದ ಏರು 150ಕ್ಕೆ 1 ಮೀರದಂತೆ ಯೋಜಿತವಾದದ್ದು. ಮಾದರಿಯಲ್ಲಿ ಅದು ಎಷ್ಟಾಗುತ್ತದೆ? ಅಷ್ಟೇ! ಉದ್ದ ಕುಗ್ಗುತ್ತದೆ, ಕೋನ ಕುಗ್ಗುವುದಿಲ್ಲ. ಇನ್ನೊಂದು: ಅಂಗಡಿಯಲ್ಲಿ ಸಿಗುವ ಮಾದರಿ ಹಳಿಯ ಅಂತರ 16.5 ಮಿಮೀ, 87ರಿಂದ ಗುಣಿಸಿದರೆ ಯೂರೋಪಿನ 1,435 ಮಿಮೀ ಹಳಿ. ನಮ್ಮ ಬ್ರಾಡ್‌ಗೇಜ್ 1,676 ಮಿಮೀ. ಹಾಗಾದರೆ ನಮ್ಮ ಮಾದರಿಗೆ ಎಷ್ಟು ಅಂತರ ಬೇಕು?

ಆ ಶಾಲೆಯ ಮಕ್ಕಳು ಥರ್ಮೋಕೋಲ್ ಕತ್ತರಿಸಿ, ತಂತಿ ಜೋಡಿಸಿ, ರೈಲು ಓಡಿಸಿದ್ದರು. ಅವರಿಗೆ ಕೊಡದೆ ಹೋದದ್ದು ಅಂಕವಲ್ಲ, ಮುಂದಿನ ಪ್ರಶ್ನೆ. ನಿಮ್ಮ ಶಾಲೆಯಲ್ಲಿ ಪುಟ್ಟ ರೈಲೊಂದು ಓಡುತ್ತಿದ್ದರೆ, ಅಂಕ ಹಾಕುವ ಮೊದಲು ಮಕ್ಕಳ ಕೈಗೆ ಅಳತೆಪಟ್ಟಿಯೊಂದನ್ನು ಕೊಡಿ.