ಯಹೂದಿ ಧರ್ಮ ಮತ್ತು ಜೀವವಿಕಾಸವಾದ
ಜೀವವಿಕಾಸ ಸಿದ್ಧಾಂತವನ್ನು ಯಹೂದಿ ಧರ್ಮಗ್ರಂಥವಾದ ತೋರಾದ ಸೃಷ್ಟಿಕಥನದೊಡನೆ ಹೊಂದಿಸುವ ಅಥವಾ ಅದರ ಬಲದಿಂದ ನಿರಾಕರಿಸುವ ಯಹೂದಿ ಚಿಂತನೆಗಳ ಸಮೂಹ. ಸೃಷ್ಟಿಯಿಂದ ಎಣಿಸುವ ಯಹೂದಿ ಪಂಚಾಂಗಕ್ಕೆ ಇನ್ನೂ 6,000 ವರ್ಷ ತುಂಬಿಲ್ಲ. ವಿಕಾಸಕ್ಕೆ ಬೇಕಾದ ದೀರ್ಘ ಕಾಲದೊಡನೆ ಇದು ಹೊಂದದಿರುವುದೇ ವಿವಾದದ ಒಂದು ಬೇರು. ರುಜುವಾತಾದ ಸತ್ಯಕ್ಕೆ ವಿರುದ್ಧವೆನಿಸುವ ವಚನವನ್ನು ರೂಪಕವಾಗಿ ಓದಬೇಕೆಂಬ 12ನೆಯ ಶತಮಾನದ ಯಹೂದಿ ದಾರ್ಶನಿಕ ಮೈಮೊನಿಡೀಸನ ನಿಲುವೇ ಸಮನ್ವಯವಾದಿಗಳ ಗಟ್ಟಿ ಆಧಾರ. ಸಿದ್ಧಾಂತ ಸ್ಥಿರಪಟ್ಟರೆ ದೇವರ ಮೇಲಿನ ಭಕ್ತಿ ಹೆಚ್ಚಬೇಕೆಂದು ಜರ್ಮನಿಯ ರಬ್ಬಿ (ಯಹೂದಿ ಧರ್ಮಗುರು) ಸ್ಯಾಮ್ಸನ್ ರಫಾಯೆಲ್ ಹಿರ್ಷ್ (1808-88) ವಾದಿಸಿದ. ರಬ್ಬಿ ಅಬ್ರಹಾಂ ಐಸಾಕ್ ಕೂಕ್ (1865-1935) ವಿಕಾಸವಾದವನ್ನು ಕಬ್ಬಾಲಾ ಅನುಭಾವಕ್ಕೆ ಹತ್ತಿರವೆಂದು ಬಗೆದ. ಸುಧಾರಣಾ ಪಂಥದಲ್ಲಿ ತಕರಾರು ವಿರಳ. ಕಟ್ಟಾ ಸಂಪ್ರದಾಯದ ಹರೇದಿಗಳಲ್ಲಿ ವಿರೋಧ ಪ್ರಬಲ: ವಿಶ್ವದ ಪ್ರಾಚೀನತೆಯನ್ನೂ ವಿಕಾಸವನ್ನೂ ಧರ್ಮದೊಡನೆ ಹೊಂದಿಸಿ ರಬ್ಬಿ ನಾಥನ್ ಸ್ಲಿಫ್ಕಿನ್ ಬರೆದ ಪುಸ್ತಕಗಳಿಗೆ 2004-05ರಲ್ಲಿ ಹಿರಿಯ ರಬ್ಬಿಗಳು ಬಹಿಷ್ಕಾರ ಹಾಕಿದರು. ಅದೇ 2005ರ ಡಿಸೆಂಬರಿನಲ್ಲಿ ಅಮೆರಿಕದ ಸಂಪ್ರದಾಯಸ್ಥ ರಬ್ಬಿಗಳ ಮಂಡಲಿ, ಸರಿಯಾಗಿ ಗ್ರಹಿಸಿದ ವಿಕಾಸವಾದ ಸೃಷ್ಟಿಕರ್ತನಲ್ಲಿನ ನಂಬಿಕೆಗೆ ವಿರುದ್ಧವಲ್ಲವೆಂದು ಸಾರಿತು.