ಮಾತಿನ ಪಾಳಿ: ಹ್ಯಾಮ್ ರೇಡಿಯೋದ ಡಿಜಿಟಲ್ ರವಾನೆ ಕೈಯಿಂದ ಗಡಿಯಾರಕ್ಕೆ ಸಾಗಿದ ಬಗೆ

ಹ್ಯಾಮ್ ರೇಡಿಯೋ ಎಂದೇ ಹೆಸರಾಗಿರುವ ಹವ್ಯಾಸಿ ರೇಡಿಯೋದಲ್ಲಿ ಇಬ್ಬರು ಸಾಮಾನ್ಯವಾಗಿ ಒಂದೇ ಕಂಪನಾಂಕದಲ್ಲಿ ಸರದಿಯಂತೆ ಮಾತಾಡುತ್ತಾರೆ. ರವಾನಿಸುತ್ತಿರುವ ನಿಲ್ದಾಣಕ್ಕೆ ಆ ಹೊತ್ತಿನಲ್ಲಿ ಬೇರೇನೂ ಕೇಳಿಸದಿರುವುದರಿಂದ, ಯಾವಾಗ ಮಾತು ತೊಡಗಬೇಕು, ಯಾವಾಗ ಬಿಟ್ಟುಕೊಡಬೇಕು ಎಂಬ ಪಾಳಿಯ ಪ್ರಶ್ನೆ ಈ ಹವ್ಯಾಸದಷ್ಟೇ ಹಳೆಯದು. ಮೋರ್ಸ್ ಸಂಕೇತದ ಬಳಕೆಯಲ್ಲಿ ಕಿವಿ ಮತ್ತು ಕೈ ಸೇರಿ ಅದನ್ನು ತೀರ್ಮಾನಿಸುತ್ತಿದ್ದವು: ಮಾತು ಮುಗಿಸಿದವರು ಗೆರೆ, ಚುಕ್ಕೆ, ಗೆರೆಗಳ ‘ಕೆ’ ಅಕ್ಷರವನ್ನು ಬಡಿದು ಪಾಳಿ ಒಪ್ಪಿಸುತ್ತಿದ್ದರು, ಅದಕ್ಕೆ ‘ಎನ್’ ಸೇರಿಸಿದರೆ ಕರೆದ ನಿಲ್ದಾಣವನ್ನು ಬಿಟ್ಟು ಬೇರಾರೂ ನಡುವೆ ಬರಬಾರದೆಂದು ಅರ್ಥವಾಗುತ್ತಿತ್ತು. ಡಿಜಿಟಲ್ ವಿಧಾನಗಳ ಇತಿಹಾಸವನ್ನು ವೇಗದ ಲೆಕ್ಕದಲ್ಲಿ ಬರೆಯುವುದು ರೂಢಿ. ಆದರೆ ಆ ‘ಕೆ’ಯ ಕೆಲಸ ಕಾಲಕಾಲಕ್ಕೆ ಯಾರ ಪಾಲಿಗೆ ಬಂತೆಂದು ಹುಡುಕಿದರೆ ಅದರ ನಿಜವಾದ ತಿರುವುಗಳು ಕಾಣಸಿಗುತ್ತವೆ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಹವ್ಯಾಸಿಗಳ ಕೈಸೇರಿದ ಹಳೆಯ ಟೆಲಿಪ್ರಿಂಟರುಗಳು ಐದು ಬಿಟ್‌ಗಳ ಬೋಡೋ ಸಂಕೇತದಲ್ಲಿ ನಿಮಿಷಕ್ಕೆ ಸುಮಾರು 60 ಪದಗಳನ್ನು ಅಚ್ಚು ಮಾಡುತ್ತಿದ್ದವಾದರೂ, ರವಾನೆಯ ಸ್ವಿಚ್ಚು ಮಾತ್ರ ಮನುಷ್ಯನ ಕೈಯಲ್ಲೇ ಉಳಿದಿತ್ತು. ಅದು ಮೊದಲು ಕೈತಪ್ಪಿದ್ದು 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಪೀಟರ್ ಮಾರ್ಟಿನೆಜ್ ಹಡಗುಗಳ ರೇಡಿಯೋ ಟೆಲೆಕ್ಸ್ ಪದ್ಧತಿಯನ್ನು ಹವ್ಯಾಸಿಗಳಿಗಾಗಿ ಅಳವಡಿಸಿ ‘ಆಮ್ಟರ್’ ವಿಧಾನವನ್ನು ರೂಪಿಸಿದಾಗ. ಅದರಲ್ಲಿ ಮೂರು ಅಕ್ಷರಗಳ ಒಂದು ಕಂತು 210 ಮಿಲಿಸೆಕೆಂಡುಗಳಲ್ಲಿ ಹೊರಟು, ಮುಂದಿನ 240 ಮಿಲಿಸೆಕೆಂಡುಗಳ ಮೌನದಲ್ಲಿ ಎದುರಿನ ನಿಲ್ದಾಣದ ಒಪ್ಪಿಗೆ ಬರಬೇಕಿತ್ತು. ಪ್ರತಿ ಅಕ್ಷರದ ಏಳು ಬಿಟ್‌ಗಳಲ್ಲಿ ಒಂದು ಬಗೆಯವು ನಾಲ್ಕು, ಇನ್ನೊಂದು ಬಗೆಯವು ಮೂರು ಇರಲೇಬೇಕಾಗಿದ್ದರಿಂದ, ಈ ಎಣಿಕೆ ತಪ್ಪಿದ ಕೂಡಲೇ ಅಕ್ಷರ ಕೆಟ್ಟಿದೆಯೆಂದು ತಿಳಿದು ಯಂತ್ರವೇ ಅದೇ ಕಂತನ್ನು ಮತ್ತೆ ಕೇಳುತ್ತಿತ್ತು. ಹೀಗೆ ಸೆಕೆಂಡಿಗೆ ಎರಡು ಬಾರಿಗಿಂತ ಹೆಚ್ಚು ಪಾಳಿ ಬದಲಾಗುತ್ತಿದ್ದಾಗ ರೇಡಿಯೋವನ್ನು ರವಾನೆಯಿಂದ ಆಲಿಕೆಗೆ ಹೊರಳಿಸುವ ರಿಲೇಗಳು ಬಿಡುವಿಲ್ಲದೆ ಟಕಟಕನೆ ಬಡಿದುಕೊಳ್ಳುತ್ತಿದ್ದವು. ಮಾತಿನ ನಡುವೆ ನಿಧಾನವಾಗಿ ಕೈ ಬದಲಿಸಲೆಂದು ಕಟ್ಟಿದ ರೇಡಿಯೋಗಳಿಗೆ ಅದು ಹೊರಲಾಗದ ಹೊರೆ.

1978ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಆರಂಭವಾದ ಪ್ಯಾಕೆಟ್ ರೇಡಿಯೋ, ಅಂದರೆ ಸಂದೇಶವನ್ನು ವಿಳಾಸ ಹೊತ್ತ ಪೊಟ್ಟಣಗಳಾಗಿ ಕಳುಹಿಸುವ ವಿಧಾನ, ಪಾಳಿಯನ್ನು ಮೌನಕ್ಕೆ ಒಪ್ಪಿಸಿತು: ದಾರಿ ಖಾಲಿಯಿದೆಯೇ ಎಂದು ಆಲಿಸಿ, ಖಾಲಿಯಿದ್ದರೆ ಮಾತ್ರ ಕಳುಹಿಸುವುದು. ಆದರೆ ಬೆಟ್ಟದ ಎರಡು ಮಗ್ಗುಲಿನ ನಿಲ್ದಾಣಗಳಿಗೆ ತುದಿಯ ನಿಲ್ದಾಣ ಮಾತ್ರ ಕೇಳಿಸುವಾಗ, ಇಬ್ಬರೂ ದಾರಿ ಖಾಲಿಯೆಂದು ನಂಬಿ ಒಟ್ಟಿಗೆ ರವಾನಿಸಿ ಪೊಟ್ಟಣಗಳನ್ನು ಕೆಡಿಸಿಕೊಳ್ಳುವುದು ತಪ್ಪಲಿಲ್ಲ.

ಮಾರ್ಟಿನೆಜ್ 1998ರ ಕೊನೆಯಲ್ಲಿ ಬಿಡುಗಡೆ ಮಾಡಿದ ‘ಪಿಎಸ್‌ಕೆ31’ ಪಾಳಿಯನ್ನು ಮತ್ತೆ ಮನುಷ್ಯನಿಗೆ ಮರಳಿಸಿತು. ಬೇರೆ ಪೆಟ್ಟಿಗೆಯ ಹಂಗಿಲ್ಲದೆ ಕಂಪ್ಯೂಟರಿನ ಸೌಂಡ್ ಕಾರ್ಡೇ ಸಂಕೇತಗಳ ಸದ್ದನ್ನು ಹುಟ್ಟಿಸಿ ರೇಡಿಯೋಗೆ ಕೊಡುತ್ತಿದ್ದ ಈ ವಿಧಾನದ ವೇಗ ಸೆಕೆಂಡಿಗೆ 31.25 ಬಿಟ್, ಅಂದರೆ ಮನುಷ್ಯ ಕೀಲಿಮಣೆಯಲ್ಲಿ ಹದವಾಗಿ ಬೆರಳಚ್ಚಿಸುವಷ್ಟು. ಇದರ ರವಾನೆಯಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬೆರಳಚ್ಚಿಸುವವರು ಮುಂದಿನ ಪದಕ್ಕಾಗಿ ತಡವರಿಸಿದರೆ ತಂತ್ರಾಂಶವು ಸುಮ್ಮನಾಗದೆ ಸೊನ್ನೆಗಳನ್ನು ಕಳುಹಿಸುತ್ತಲೇ ಇರುತ್ತದೆ. ಪ್ರತಿ ಸೊನ್ನೆಗೂ ಅಲೆಯು ತಿರುವುಮುರುವಾಗುವುದರಿಂದ ಕೇಳುಗರಿಗೆ ನಡುಗುವಂಥ ಒಂದು ನಾದ ಕೇಳಿಸುತ್ತಿದ್ದು, ಪಾಳಿ ಇನ್ನೂ ಮುಗಿದಿಲ್ಲವೆಂಬುದು ಅದರಿಂದಲೇ ತಿಳಿಯುತ್ತದೆ. ಮಾತು ಮುಗಿದಾಗ ಆ ನಡುಕ ನಿಂತು, ಒಂದೇ ಸಮನಾದ ಸ್ವರವು ಕ್ಷಣಕಾಲ ಉಳಿದು, ಬಳಿಕ ಮೌನ. ಯೋಚಿಸುವ ಮನುಷ್ಯನಿಗೆ ಇಷ್ಟು ಮರ್ಯಾದೆಯಿಂದ ಜಾಗ ಬಿಟ್ಟುಕೊಟ್ಟ ಇನ್ನೊಂದು ಡಿಜಿಟಲ್ ವಿಧಾನವನ್ನು ಹೆಸರಿಸುವುದು ಕಷ್ಟ.

ಗಡಿಯಾರದ ಪಾಳಿಗೆ ಮೂಲ ಬೇರೆಡೆಯಿದೆ. ಚಂದ್ರನಿಗೆ ಸಂಕೇತವನ್ನು ಎಸೆದು ಪ್ರತಿಧ್ವನಿಯ ಮೂಲಕ ಸಂಪರ್ಕಿಸುವ ಹವ್ಯಾಸಿಗಳಿಗೆ, ಸುಮಾರು ಎರಡೂವರೆ ಸೆಕೆಂಡು ತಡವಾಗಿ ಬರುವ ಆ ಸಂಕೇತ ಎಷ್ಟು ಕ್ಷೀಣವೆಂದರೆ, ಎದುರಿನವರು ಮುಗಿಸಿದರೋ ಮರೆಯಾದರೋ ತಿಳಿಯುವುದೇ ದುಸ್ತರವಾಗಿತ್ತು. ಹಾಗಾಗಿ ಮೊದಲೇ ಒಪ್ಪಂದ ಮಾಡಿಕೊಂಡು, ಕೈಗಡಿಯಾರ ನೋಡುತ್ತ ನಿಗದಿತ ನಿಮಿಷಗಳಲ್ಲಿ ರವಾನಿಸಿ, ನಿಗದಿತ ನಿಮಿಷಗಳಲ್ಲಿ ಆಲಿಸುತ್ತಿದ್ದರು. ಜೋಡಿ ನಕ್ಷತ್ರದಲ್ಲಿರುವ ಪಲ್ಸಾರ್‌ನ ಶೋಧಕ್ಕಾಗಿ 1993ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ರಸೆಲ್ ಹಲ್ಸ್ ಅವರೊಂದಿಗೆ ಹಂಚಿಕೊಂಡ ಪ್ರಿನ್ಸ್‌ಟನ್ನಿನ ಜೋ ಟೇಲರ್, 2001ರಲ್ಲಿ ಹೊರತಂದ ‘ಡಬ್ಲ್ಯುಎಸ್‌ಜೆಟಿ’ ತಂತ್ರಾಂಶದಲ್ಲಿ ಈ ಶಿಸ್ತನ್ನೇ ಸಂಕೇತಕ್ಕಿಳಿಸಿದರು. ಅದರ ‘ಜೆಟಿ65’ ವಿಧಾನದಲ್ಲಿ ರವಾನೆಯು ಪ್ರತಿ ನಿಮಿಷದ ಒಂದನೆಯ ಸೆಕೆಂಡಿಗೆ ಆರಂಭವಾಗಿ 46.8 ಸೆಕೆಂಡು ನಡೆಯುತ್ತಿತ್ತು, ಉಳಿದ ಹನ್ನೆರಡು ಸೆಕೆಂಡಿನಲ್ಲಿ ಸಂದೇಶವನ್ನು ಬಿಡಿಸಿ ಓದಿ ಉತ್ತರ ಆಯ್ದುಕೊಳ್ಳಲು ಮನುಷ್ಯನಿಗೆ ವ್ಯವಧಾನವಿತ್ತು.

2017ರಲ್ಲಿ ಟೇಲರ್ ಮತ್ತು ಸ್ಟೀವನ್ ಫ್ರಾಂಕ್ ‘ಎಫ್‌ಟಿ8’ ವಿಧಾನವನ್ನು ಹೊರತಂದಾಗ ಈ ವ್ಯವಧಾನ ಕರಗಿಹೋಯಿತು. ಪಾಳಿ 15 ಸೆಕೆಂಡಿಗೆ ಇಳಿದು, ರವಾನೆಗೇ 12.64 ಸೆಕೆಂಡು ಹಿಡಿಯುತ್ತಿದ್ದುದರಿಂದ, ಉಳಿದ ಎರಡೂ ಚಿಲ್ಲರೆ ಸೆಕೆಂಡಿನಲ್ಲಿ ಹತ್ತಾರು ಸಂಕೇತಗಳನ್ನು ಬಿಡಿಸಿ ತಕ್ಕ ಉತ್ತರವನ್ನು ಆರಿಸುವುದು ಮನುಷ್ಯನಿಗೆ ಸಾಧ್ಯವಾಗದೆ, ಮುಂದಿನ ಸಂದೇಶವನ್ನು ತಂತ್ರಾಂಶವೇ ಆಯ್ದು ರವಾನಿಸುವ ವ್ಯವಸ್ಥೆ ಬಂತು. ತಂತ್ರಾಂಶ ಮಾತಿಗೆ ಇಳಿದದ್ದು ಸಮಯದ ಕೊರತೆಯಿಂದ ಎಂಬುದನ್ನು ಮರೆತು ಈ ವಿಧಾನವನ್ನು ಬರಿಯ ಸೋಮಾರಿತನವೆಂದು ಹಳಿಯುವುದು ನ್ಯಾಯವಲ್ಲ. ಕರೆ, ಸ್ಥಳ, ಸಂಕೇತದ ಬಲ, ಸ್ವೀಕೃತಿ, ಬೀಳ್ಕೊಡುಗೆ ಇಷ್ಟರಲ್ಲೇ ಮಾತು ಮುಗಿಯುತ್ತದೆ. ಸ್ಥಳವೂ ನಾಲ್ಕು ಚಿಹ್ನೆಗಳಲ್ಲಿ ಅಡಕವಾಗಿದ್ದು, ಬೆಂಗಳೂರಿನವರು ಕಳುಹಿಸುವುದು ‘ಎಂಕೆ82’ ಎಂದಷ್ಟೇ. ಪಾಳಿಗಳು ನಿಮಿಷದ 0, 15, 30, 45ನೆಯ ಸೆಕೆಂಡುಗಳಿಗೆ ತೊಡಗುವುದರಿಂದ ವಿಶ್ವ ಸಮಯದಿಂದ ಭಾರತಕ್ಕಿರುವ ಐದೂವರೆ ಗಂಟೆಯ ಅಂತರ ಇಲ್ಲಿ ಅಡ್ಡಿಯಾಗುವುದಿಲ್ಲ, ಆದರೆ ಕಂಪ್ಯೂಟರಿನ ಗಡಿಯಾರ ಕೆಲವೇ ಸೆಕೆಂಡು ತಪ್ಪಿದ್ದರೂ ಆ ನಿಲ್ದಾಣದ ಮಾತು ಯಾರಿಗೂ ಅರ್ಥವಾಗುವುದಿಲ್ಲ.

ಇದೇ ವಿಧಾನಕ್ಕೆ 2018ರಲ್ಲಿ ಸೇರಿದ ‘ನರಿ ಮತ್ತು ಬೇಟೆನಾಯಿ’ ಎಂಬ ಬಗೆಯಲ್ಲಿ, ದೂರದ ದ್ವೀಪಕ್ಕೆ ಹೋದ ತಂಡವೊಂದು ನರಿಯಾಗಿ, ತನ್ನನ್ನು ಕರೆಯುವ ಬೇಟೆನಾಯಿಗಳಿಗೆ ಒಂದೇ ಪಾಳಿಯಲ್ಲಿ ಐದು ಸಂಕೇತಗಳವರೆಗೆ ರವಾನಿಸಬಹುದಾಗಿತ್ತು. ಆದರೆ ಎರಡು ಸಂಕೇತಗಳನ್ನು ಒಟ್ಟಿಗೆ ಹೊರಡಿಸಿದರೆ ಒಂದೊಂದರ ಬಲ ನಾಲ್ಕನೆಯ ಒಂದು ಭಾಗಕ್ಕೆ, ಐದನ್ನು ಹೊರಡಿಸಿದರೆ ಇಪ್ಪತ್ತೈದನೆಯ ಒಂದು ಭಾಗಕ್ಕೆ ಇಳಿಯುತ್ತಿತ್ತು.

ಇಷ್ಟೆಲ್ಲ ವಹಿಸಿಕೊಟ್ಟ ಬಳಿಕವೂ ಈ ತಂತ್ರಾಂಶದ ಕರ್ತೃಗಳು ಅದರಲ್ಲಿ ಕಾವಲು ಗಡಿಯಾರವೊಂದನ್ನು ಇರಿಸಿದ್ದಾರೆ. ನಿಲ್ದಾಣದಲ್ಲಿ ಕುಳಿತವರು ಏನನ್ನೂ ಮುಟ್ಟದೆ ನಿಗದಿತ ಅವಧಿ, ಸಾಮಾನ್ಯವಾಗಿ ಆರು ನಿಮಿಷ, ಕಳೆದರೆ ರವಾನೆ ತಾನಾಗಿ ನಿಲ್ಲುತ್ತದೆ, ಮುಂದಿನ ಕರೆಗೆ ಮನುಷ್ಯನ ಬೆರಳೊಂದು ಬಂದು ಮತ್ತೆ ಗುಂಡಿ ಒತ್ತಬೇಕು.